ಮೂತ್ರಕೋಶದ ಕ್ಯಾನ್ಸರ್: ರಿಪೋರ್ಟಿನ ಪಿ53, ಕೆಐ-67 ನೋಡಿ ಎಷ್ಟು ವರ್ಷ ಅಂತ ಹೇಳಬಹುದಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ 68 ವರ್ಷ, ಊರು ತೀರ್ಥಹಳ್ಳಿ ಕಡೆ. ಮೂತ್ರದಲ್ಲಿ ರಕ್ತ ಬಂತು, ನೋವು ಮಾತ್ರ ಇರಲಿಲ್ಲ. ಉಷ್ಣ ಆಗಿದೆ ಅಂತ ಎಳನೀರು, ಬಾರ್ಲಿ ನೀರು ಕುಡಿದುಕೊಂಡು ಸುಮ್ಮನಿದ್ದರು. ಮತ್ತೊಂದು ಸಲ ಹೆಪ್ಪುಗಟ್ಟಿದ ರಕ್ತ ಬಂದಾಗ ಸ್ಕ್ಯಾನ್ ಮಾಡಿಸಿದೆವು, ಮೂತ್ರಕೋಶದಲ್ಲಿ ಗಡ್ಡೆ ಇತ್ತು. ಹೊಟ್ಟೆ ಕೊಯ್ಯದೆ ಮೂತ್ರದ ದಾರಿಯಿಂದಲೇ ಕೆರೆದು ತೆಗೆದಿದ್ದಾರೆ.

ಬಯಾಪ್ಸಿ ರಿಪೋರ್ಟಿನಲ್ಲಿರುವುದು ಇಷ್ಟು: ಹೈ ಗ್ರೇಡ್ ಯುರೊಥೀಲಿಯಲ್ ಕಾರ್ಸಿನೋಮ, ಪಿಟಿ1. ಸ್ಯಾಂಪಲ್ಲಿನಲ್ಲಿ ಸ್ನಾಯು ಇದೆ, ಅದಕ್ಕೆ ಕ್ಯಾನ್ಸರ್ ತಗುಲಿಲ್ಲ. ಜಿಎಟಿಎ3 ಪಾಸಿಟಿವ್. ಸಿಕೆ20 ಪಾಸಿಟಿವ್. ಪಿ53 ಸ್ಟ್ರಾಂಗ್, ಶೇ 80. ಕೆಐ-67 ಶೇ 45.

ರಾತ್ರಿ ಕೂತು ಇಂಟರ್‌ನೆಟ್‌ನಲ್ಲಿ ಒಂದೊಂದೇ ಹೆಸರು ಹಾಕಿ ಹುಡುಕಿದೆ. ಎಲ್ಲ ಕಡೆ ಎರಡು ಗೆರೆಗಳ ಚಾರ್ಟ್. ಪ್ರೊಟೀನ್ ಜಾಸ್ತಿ ಇದ್ದವರ ಗೆರೆ ದಡದಡನೆ ಕೆಳಗಿಳಿಯುತ್ತದೆ. ಹೆಂಡತಿಗೆ ಇನ್ನೂ ತೋರಿಸಿಲ್ಲ. ಈ ಪ್ರೊಟೀನ್‌ಗಳನ್ನು ನೋಡಿ ಒಬ್ಬ ಮನುಷ್ಯ ಎಷ್ಟು ವರ್ಷ ಇರುತ್ತಾನೆ ಅಂತ ನಿಜವಾಗಿಯೂ ಹೇಳಲು ಆಗುತ್ತದಾ? ಇನ್ನೂ ದೊಡ್ಡ ಪ್ಯಾನೆಲ್ ಟೆಸ್ಟ್ ಇದೆಯಂತೆ, ಅದನ್ನು ಮಾಡಿಸಬೇಕಾ?

ಸ್ಲೈಡ್‌ಮೇಜು

ನಾನು ಪೆಥಾಲಜಿಸ್ಟ್, ಇಂಥ ಸ್ಲೈಡ್‌ಗಳನ್ನು ದಿನಾ ನೋಡುತ್ತೇನೆ. ಮೊದಲು ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ: ಆ ನಾಲ್ಕು ಹೆಸರುಗಳಲ್ಲಿ ಯಾವುದೂ ನಿಮ್ಮ ಮಾವನವರ ಆಯಸ್ಸನ್ನು ಹೇಳುವುದಿಲ್ಲ. ರಿಪೋರ್ಟನ್ನು ಜಾತಕದ ಹಾಗೆ ಓದಬೇಡಿ.

ಅವನ್ನು ಮಾಡಿದ್ದು ಏಕೆ ಅಂತ ಕೇಳಿದರೆ, ಒಂದೊಂದಕ್ಕೂ ಒಂದೊಂದು ಕಾರಣ. ಜಿಎಟಿಎ3 ಇದ್ದರೆ ಗಡ್ಡೆ ಯುರೊಥೀಲಿಯಮ್‌ನಿಂದಲೇ ಹುಟ್ಟಿದ್ದು, ಪ್ರಾಸ್ಟೇಟ್‌ನಿಂದಲೋ ಕರುಳಿನಿಂದಲೋ ಬಂದದ್ದಲ್ಲ ಅನ್ನುವುದಕ್ಕೆ ಆಧಾರ ಸಿಗುತ್ತದೆ. ಯುರೊಥೀಲಿಯಮ್ ಅಂದರೆ ಕಿಡ್ನಿಯ ಒಳಕುಹರದಿಂದ ಮೂತ್ರನಾಳ, ಮೂತ್ರಕೋಶದವರೆಗೂ ಹಾಸಿಕೊಂಡಿರುವ ಒಳಪದರ. ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 90 ಇದರಿಂದಲೇ ಬರುವುದು. ಸಿಕೆ20, ಪಿ53, ಕೆಐ-67 ಮೂರನ್ನೂ ಜೊತೆಗಿಟ್ಟು ನೋಡುವುದು ಹೆಚ್ಚಾಗಿ ಚಪ್ಪಟೆಯಾಗಿ ಹರಡುವ ಸಿಐಎಸ್ (ಕಾರ್ಸಿನೋಮ ಇನ್ ಸಿಟು, ಒಳಪದರದಲ್ಲೇ ಉಳಿದಿರುವ ಕ್ಯಾನ್ಸರ್) ಇದೆಯೋ ಅಥವಾ ಬರೀ ಉರಿಯೂತವೋ ಎಂಬ ಅನುಮಾನ ಬಂದಾಗ.

ಕೆಐ-67 ಅಂದರೆ ಎಷ್ಟು ಕೋಶಗಳು ಒಡೆದು ಹೆಚ್ಚುತ್ತಿವೆ ಎಂದು ತೋರಿಸುವ ಪ್ರೊಟೀನ್. ಪಿ53 ಎಂಬುದು ಜೀವಕೋಶದ ಕಾವಲಿನ ಪ್ರೊಟೀನ್. ಆರೋಗ್ಯವಾಗಿರುವಾಗ ಅದು ಹುಟ್ಟಿದ ಸ್ವಲ್ಪ ಹೊತ್ತಿಗೇ ಕರಗಿಹೋಗುತ್ತದೆ, ಹಾಗಾಗಿ ಸ್ಲೈಡಿನಲ್ಲಿ ಅಲ್ಲೊಂದು ಇಲ್ಲೊಂದು ನ್ಯೂಕ್ಲಿಯಸ್ ಮಾತ್ರ ತೆಳು ಕಂದು. ಜೀನ್ ಕೆಟ್ಟರೆ ಪ್ರೊಟೀನ್ ಕರಗದೆ ನ್ಯೂಕ್ಲಿಯಸ್‌ನಲ್ಲೇ ತುಂಬಿಕೊಳ್ಳುತ್ತದೆ, ಸಾಲುಸಾಲಾಗಿ ಗಾಢ ಕಂದು ಕಾಣುತ್ತದೆ. ನಿಮ್ಮ ರಿಪೋರ್ಟಿನ ಶೇ 80 ಅಂದರೆ ಅದು. ಕೆಲವು ಸಲ ಜೀನ್ ಪೂರ್ತಿ ಕೆಟ್ಟು ಪ್ರೊಟೀನೇ ತಯಾರಾಗುವುದಿಲ್ಲ. ಆಗ ಸ್ಲೈಡ್ ಬೆಳ್ಳಗಿರುತ್ತದೆ, ಅದೂ ಅಸಹಜವೇ. ಸ್ನಾಯುವಿಗೆ ಇಳಿದ ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟರಲ್ಲಿ ಈ ಜೀನ್ ಕೆಟ್ಟಿರುತ್ತದೆ. ಅಂದಮೇಲೆ ಇದು ಅಪರೂಪದ ಕೆಟ್ಟ ಸುದ್ದಿಯೇನಲ್ಲ.

ನಿಮ್ಮ ರಿಪೋರ್ಟಿನಲ್ಲಿ ನಾನು ಎರಡು ಸಲ ಓದಿದ ಸಾಲು ಬೇರೆ: "ಸ್ನಾಯು ಇದೆ, ತಗುಲಿಲ್ಲ". ಪಿಟಿ1 ಅಂದರೂ ಅದೇ, ಒಳಪದರದ ಕೆಳಗೆ ಇಳಿದಿದೆ, ಸ್ನಾಯು ಮುಟ್ಟಿಲ್ಲ. ಚಿಕಿತ್ಸೆ ಯಾವ ದಾರಿ ಹಿಡಿಯುತ್ತದೆ ಎಂಬುದು ಅಲ್ಲಿಂದ ಶುರು.

ಧಾರವಾಡದಾಕಿ

ಸರ್, ನಾ ಪಿಯುಸಿಗೆ ಬಯಾಲಜಿ ಕಲಸ್ತೀನ್ರಿ. ನಮ್ಮ ಅಣ್ಣಾಗೂ ಇದೇ ಜಾತಿ ಕ್ಯಾನ್ಸರ್, ಮೂತ್ರನಾಳದಾಗ ಐತ್ರಿ. ನೀವು ಹೇಳೂದು ಸಮಾಧಾನದ ಮಾತು ಅನಸ್ತದ, ಆದ್ರ ನಾ ಓದಿದ್ದು ಬ್ಯಾರೆ ಐತಲ್ರಿ. 1994ರಾಗ ಅಮೆರಿಕದ ದೊಡ್ಡ ಜರ್ನಲ್‌ನ್ಯಾಗ ಬಂದದ್ದು, ಮೂತ್ರಕೋಶ ತಗದ 243 ಮಂದಿ ಮ್ಯಾಲೆ ಮಾಡಿದ್ದು. ಕ್ಯಾನ್ಸರ್ ಮೂತ್ರಕೋಶದೊಳಗ ಇದ್ದವರೊಳಗ ಪಿ53 ಕಾಣದವರಿಗೆ ಐದು ವರ್ಷದಾಗ ರೋಗ ತಿರುಗಿ ಬಂದದ್ದು ಸ್ಟೇಜಿನ ಪ್ರಕಾರ ಶೇ 7, 12, 11. ಕಂಡವರಿಗೆ ಶೇ 62, 56, 80. ಇಷ್ಟು ಫರಕ್ ಇದ್ದಾಗ "ಏನೂ ಹೇಳೂದಿಲ್ಲ" ಅಂದ್ರ ಹ್ಯಾಂಗ್ರಿ?

ಕಿಮೋವಾರ್ಡ್

ಮೇಡಂ, ಪ್ರಶ್ನೆ ಸರಿಯಾಗಿದೆ. ನಾನು ಮೆಡಿಕಲ್ ಆಂಕಾಲಜಿಸ್ಟ್. ನೀವು ಕೊಟ್ಟ ಅಂಕಿಗಳೂ ಸರಿ. ಆ ಅಂಕಿಗಳನ್ನು ನೋಡಿ ಆಗಿನ ಇಡೀ ಕ್ಷೇತ್ರವೇ ಉತ್ಸಾಹಗೊಂಡಿತ್ತು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ.

ಪಿ53 ಇದ್ದವರಿಗೆ ರೋಗ ಅಷ್ಟು ಜೋರಾಗಿ ಮರಳುವುದಾದರೆ, ಆಪರೇಷನ್ ಆದಮೇಲೆ ಅವರಿಗಷ್ಟೇ ಕಿಮೋ ಕೊಟ್ಟರೆ ಉಳಿಸಬಹುದಲ್ಲ ಎಂದು ಒಂದು ಟ್ರಯಲ್ ಹೂಡಿದರು. ಮೂತ್ರಕೋಶ ತೆಗೆಸಿಕೊಂಡ, ಪಿಟಿ1 ಮತ್ತು ಪಿಟಿ2 (ಸ್ನಾಯುವಿಗೆ ಇಳಿದ) ಹಂತದ 521 ಮಂದಿ ನೋಂದಾಯಿಸಿಕೊಂಡರು. 499 ಮಂದಿಯ ಗಡ್ಡೆಯಲ್ಲಿ ಪಿ53 ನೋಡಿದರು, 272 ಮಂದಿಗೆ ಪಾಸಿಟಿವ್ ಬಂತು. ಅವರಲ್ಲಿ 114 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಒಂದಕ್ಕೆ ಎಂವ್ಯಾಕ್ ಎಂಬ ನಾಲ್ಕು ಔಷಧಿಗಳ ಕಿಮೋ ಕೊಟ್ಟರು, ಇನ್ನೊಂದನ್ನು ಬರೀ ಗಮನಿಸಿದರು. ಮುಂದುವರಿಸಿ ಪ್ರಯೋಜನವಿಲ್ಲ ಎಂದು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಫಲಿತಾಂಶ ಪ್ರಕಟವಾದದ್ದು 2011ರಲ್ಲಿ. ಕಿಮೋದಿಂದ ವ್ಯತ್ಯಾಸ ಕಾಣಲಿಲ್ಲ. ಅದಕ್ಕಿಂತ ದೊಡ್ಡದು ಏನೆಂದರೆ, ಐದು ವರ್ಷದಲ್ಲಿ ರೋಗ ಮರಳುವ ಸಾಧ್ಯತೆ ಒಟ್ಟಾರೆ ಶೇ 20, ಅದೂ ಪಿ53 ಇದ್ದವರಿಗೂ ಇಲ್ಲದವರಿಗೂ ಬೇರೆಬೇರೆ ಇರಲಿಲ್ಲ.

ಶೇ 62 ಎಲ್ಲಿ, ಶೇ 20 ಎಲ್ಲಿ! ಮೊದಲನೆಯದು ಒಂದೇ ಕೇಂದ್ರದಲ್ಲಿ, ಹಳೆಯ ರೋಗಿಗಳ ಕೂಡಿಟ್ಟ ಗಡ್ಡೆಗಳನ್ನು ಹಿಂದಿರುಗಿ ನೋಡಿದ್ದು. ಎರಡನೆಯದು ಮುಂಚೆಯೇ ನಿಯಮ ಬರೆದುಕೊಂಡು ಮುಂದಕ್ಕೆ ಸಾಗಿದ್ದು. ಒಂದು ಪ್ರೊಟೀನ್ ಮಾರ್ಕರ್ ಪರೀಕ್ಷೆಯ ಬಿಸಿಲಿಗೆ ನಿಂತಾಗ ಹೀಗೂ ಆಗುತ್ತದೆ. ಆ 114 ಮಂದಿಗೆ ನಾವೆಲ್ಲ ಋಣಿಗಳು, ಅವರು ಒಪ್ಪದಿದ್ದರೆ ಇವತ್ತಿಗೂ ಪಿ53 ನೋಡಿ ಕಿಮೋ ಬರೆಯುತ್ತಿದ್ದೆವು.

ಇವತ್ತು ಯುರೋಪಿನ ಯೂರಾಲಜಿ ಸಂಘ ಸ್ನಾಯುವಿಗೆ ಇಳಿಯದ ಕ್ಯಾನ್ಸರ್ ಉಲ್ಬಣಿಸುವ ಅಪಾಯ ಲೆಕ್ಕ ಹಾಕಲು ಕೊಡುವ 2021ರ ಪಟ್ಟಿ ತೆಗೆದು ನೋಡಿ. ವಯಸ್ಸು 70 ದಾಟಿದೆಯಾ, ಗಡ್ಡೆ ಒಂದಾ ಹಲವಾ, 3 ಸೆಂ.ಮೀ. ಅಥವಾ ಹೆಚ್ಚಾ, ಟಿ1 ಆಗಿದೆಯಾ, ಸಿಐಎಸ್ ಇದೆಯಾ, ಗ್ರೇಡ್ ಏನು. ಅಷ್ಟೇ. ಅದರಲ್ಲಿ ಒಂದು ಪ್ರೊಟೀನ್ ಹೆಸರೂ ಇಲ್ಲ.

ಧಾರವಾಡದಾಕಿ

ಈ ಟ್ರಯಲ್ ವಿಷಯ ನನಗ ಗೊತ್ತಿರಲಿಲ್ರಿ. ಹಂಗಾದ್ರ ಹತ್ತಾರು ಪ್ರೊಟೀನ್ ಸೇರಿಸಿ ನೋಡಿದ್ರ? ಪಿ53, ಪಿ21, ಪಿ27, ಸೈಕ್ಲಿನ್ ಇ1, ಕೆಐ-67 ಐದೂ ಕೂಡಿಸಿ ಡಲ್ಲಾಸ್‌ನವರು ಮಾಡಿದ್ದು ಐತಲ್ರಿ.

ಕಿಮೋವಾರ್ಡ್

ಇದೆ. ಆ ಐದರಲ್ಲಿ ಎಷ್ಟು ಕೆಟ್ಟಿವೆ ಎಂದು ಎಣಿಸುವುದು. ಎಣಿಕೆ ಏರಿದಷ್ಟೂ ಆಪರೇಷನ್ ನಂತರ ರೋಗ ಮರಳುವುದು ಹೆಚ್ಚು. ಮುಂದಕ್ಕೆ ಸಾಗುವ ಅಧ್ಯಯನದಲ್ಲೂ ಅದು ಒಂದು ಮಟ್ಟಕ್ಕೆ ನಿಂತಿತು. ಒಂಟಿ ಪ್ರೊಟೀನ್‌ಗಿಂತ ಇದು ಗಟ್ಟಿ ವಿಚಾರ ಎಂದು ನಾನೂ ನಂಬುತ್ತೇನೆ. ಆದರೆ ಆ ಎಣಿಕೆ ನೋಡಿ ಚಿಕಿತ್ಸೆ ಬದಲಿಸಿದರೆ ರೋಗಿ ಹೆಚ್ಚು ಕಾಲ ಬದುಕುತ್ತಾನೆ ಎಂದು ಯಾರೂ ತೋರಿಸಿಲ್ಲ, ಹಾಗಾಗಿ ವಾರ್ಡಿಗೆ ಬರಲಿಲ್ಲ.

ಉಪ್ಸಾಲದಿಂದ

ತುಂಗಾತೀರ ಅವರೇ, ನೀವು ನೋಡಿದ ಎರಡು ಗೆರೆಗಳ ಚಾರ್ಟ್ ಬಗ್ಗೆ ಹೇಳಲೇಬೇಕು. ನಾನು ಸ್ವೀಡನ್ನಿನಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್ ಕೆಲಸದಲ್ಲಿದ್ದೇನೆ, ಊರು ಶಿರಸಿ ಹತ್ತಿರ. ಆ ಚಾರ್ಟ್‌ಗಳು ಬಹುಪಾಲು ಹ್ಯೂಮನ್ ಪ್ರೊಟೀನ್ ಅಟ್ಲಾಸ್‌ನಿಂದ ಬಂದಿರುತ್ತವೆ. ಮಥಿಯಾಸ್ ಉಲೇನ್ ಅವರ ಮುಂದಾಳತ್ವದಲ್ಲಿ 2003ರಲ್ಲಿ ಇಲ್ಲಿ ಶುರುವಾದ ಯೋಜನೆ. ಮನುಷ್ಯನ ಒಂದೊಂದು ಪ್ರೊಟೀನ್ ಯಾವ ಅಂಗದಲ್ಲಿ ಎಲ್ಲಿದೆ ಎಂದು ಆಂಟಿಬಾಡಿ ಹಾಕಿ ಫೋಟೋ ತೆಗೆದಿಟ್ಟಿದ್ದಾರೆ, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಆ ಲಕ್ಷಾಂತರ ಫೋಟೋಗಳನ್ನು ಕಣ್ಣಲ್ಲಿ ನೋಡಿ ಗುರುತು ಹಾಕಿದವರಲ್ಲಿ ಮುಂಬೈನ ಪೆಥಾಲಜಿಸ್ಟ್‌ಗಳ ತಂಡದ ಪಾಲು ದೊಡ್ಡದು. ನನಗೆ ಅದರ ಬಗ್ಗೆ ಬಹಳ ಹೆಮ್ಮೆ.

2017ರಲ್ಲಿ ಅವರು ಕ್ಯಾನ್ಸರ್ ಭಾಗ ಸೇರಿಸಿದರು: 17 ಬಗೆ ಕ್ಯಾನ್ಸರ್, ಸುಮಾರು 8,000 ರೋಗಿಗಳು. ಚಾರ್ಟ್‌ಗಳು ಅಲ್ಲಿಂದ ಬಂದವು. ಅವನ್ನು ಓದುವಾಗ ಮೂರು ವಿಷಯ ಎದುರಿಗಿಟ್ಟುಕೊಳ್ಳಿ.

ಪುಟದ ಹೆಸರಿನಲ್ಲಿ ಪ್ರೊಟೀನ್ ಇದ್ದರೂ ಆ ಗೆರೆಗಳನ್ನು ಎಳೆದದ್ದು ಆರ್‌ಎನ್‌ಎ ಅಳತೆಯಿಂದ, ಅಂದರೆ ಪ್ರೊಟೀನ್ ತಯಾರಿಸಲು ಜೀನ್ ಕಳಿಸುವ ಸಂದೇಶದ ಅಳತೆಯಿಂದ. ನಿಮ್ಮ ರಿಪೋರ್ಟಿನ ಶೇ 80 ಮಾತ್ರ ಗಾಜಿನ ಮೇಲೆ ಕಂಡ ಪ್ರೊಟೀನ್ ಬಣ್ಣ. ಆರ್‌ಎನ್‌ಎ ಹೆಚ್ಚಾದರೆ ಪ್ರೊಟೀನೂ ಅಷ್ಟೇ ಹೆಚ್ಚಾಗಬೇಕೆಂದಿಲ್ಲ. ಅದರಲ್ಲೂ ಪಿ53ಯಲ್ಲಿ ಪ್ರೊಟೀನ್ ತುಂಬಿಕೊಳ್ಳುವುದು ಕರಗದೆ ಉಳಿಯುವುದರಿಂದ, ಹೆಚ್ಚು ತಯಾರಾಗುವುದರಿಂದ ಅಲ್ಲ.

ಇನ್ನು, "ಜಾಸ್ತಿ" ಮತ್ತು "ಕಡಿಮೆ" ಗುಂಪಿನ ನಡುವಿನ ಗಡಿ. ಅದನ್ನು ಮುಂಚೆ ಹಾಕಿದ್ದಲ್ಲ. ಎರಡು ಗೆರೆಗಳು ಎಲ್ಲಿ ಕತ್ತರಿಸಿದರೆ ಅತಿ ಹೆಚ್ಚು ದೂರ ಹೋಗುತ್ತವೋ ಅಲ್ಲೇ ಕತ್ತರಿಸಿದ್ದು. ಮುಂದಿನ ಸಂಶೋಧನೆಗೆ ಎಲ್ಲಿ ಅಗೆಯಬೇಕು ಎಂದು ಹುಡುಕಲು ಅದು ಸರಿಯಾದ ಕ್ರಮ. ಒಬ್ಬ ರೋಗಿಗೆ ಹೇಳಲು ಸರಿಯಲ್ಲ, ಏಕೆಂದರೆ ಅದೇ ಗಡಿಯನ್ನು ಬೇರೆ ಆಸ್ಪತ್ರೆಯ ರೋಗಿಗಳ ಮೇಲೆ ಹಾಕಿದರೆ ಗೆರೆಗಳು ಹತ್ತಿರ ಬಂದುಬಿಡುತ್ತವೆ. 20,000 ಜೀನ್‌ಗಳನ್ನು ಇಪ್ಪತ್ತಕ್ಕೊಂದು ಎಂಬ ಸಾಮಾನ್ಯ ಅಳತೆಯಲ್ಲಿ ಜರಡಿ ಹಿಡಿದರೆ ಏನೂ ಸಂಬಂಧವಿಲ್ಲದ 1,000 ಜೀನ್ ಕಾಕತಾಳೀಯವಾಗಿ ಮೇಲೆ ಉಳಿಯುತ್ತವೆ. ಅಟ್ಲಾಸ್‌ನವರು ಅದಕ್ಕೇ ಸಾವಿರಕ್ಕೊಂದು ಎಂಬ ಬಿಗಿ ಅಳತೆ ಹಿಡಿದಿದ್ದಾರೆ. ಆದರೂ ಗಡಿಯನ್ನು ಹುಡುಕಿ ಹಾಕಿದ್ದರಿಂದ ಆ ಬಿಗಿ ಒಂದಿಷ್ಟು ಸಡಿಲವಾಗುತ್ತದೆ.

ಮೂರನೆಯದು ನಿಮಗೆ ಎಲ್ಲಕ್ಕಿಂತ ಮುಖ್ಯ. ಆ ಚಾರ್ಟಿನಲ್ಲಿರುವ ಸುಮಾರು 400 ಮೂತ್ರಕೋಶ ರೋಗಿಗಳು ಕ್ಯಾನ್ಸರ್ ಗಡ್ಡೆಗಳ ಜೀನ್ ಓದಿದ ಅಮೆರಿಕದ ಟಿಸಿಜಿಎ ಯೋಜನೆಯವರು, ಸ್ನಾಯುವಿಗೆ ಕ್ಯಾನ್ಸರ್ ಇಳಿದವರು. ನಿಮ್ಮ ಮಾವನವರದು ಸ್ನಾಯುವಿಗೆ ಇಳಿದಿಲ್ಲ. ಆ ಗೆರೆಗಳಲ್ಲಿ ಎರಡೂ ಅವರದಲ್ಲ.

ತುಂಗಾತೀರ

ಇದನ್ನು ಓದಿ ಹೆಂಡತಿಗೂ ತೋರಿಸಿದೆ. ಇಬ್ಬರೂ ಇವತ್ತು ಊಟ ಸರಿಯಾಗಿ ಮಾಡಿದೆವು. ಕೋಟಿ ವಂದನೆ ಸರ್.

ಇನ್ನೊಂದು ಕೇಳುತ್ತೇನೆ. ನಮ್ಮ ಷಡ್ಡಕ ಅಮೆರಿಕದಲ್ಲಿದ್ದಾರೆ, ಪಿಡಿ-ಎಲ್1 ಟೆಸ್ಟ್ ಮಾಡಿಸಿ, ಅದು ಜಾಸ್ತಿ ಇದ್ದರೆ ಇಮ್ಯುನೋಥೆರಪಿ ಹಿಡಿಯುತ್ತದೆ ಅನ್ನುತ್ತಾರೆ.

ಕಿಮೋವಾರ್ಡ್

ಪಿಡಿ-ಎಲ್1 ಅಂದರೆ ರೋಗನಿರೋಧಕ ಕೋಶಗಳ ದಾಳಿಗೆ ತಡೆ ಹಾಕುವ ಪ್ರೊಟೀನ್. ನಿಮ್ಮ ಮಾವನವರ ಹಂತದಲ್ಲಿ ಅದನ್ನು ನೋಡಿ ತೀರ್ಮಾನಿಸುವುದು ಏನೂ ಇಲ್ಲ. ಅವರಿಗೆ ಮೊದಲ ಮಾತು ಬಿಸಿಜಿ, ಅಂದರೆ ಮಕ್ಕಳ ಕ್ಷಯದ ಲಸಿಕೆಯ ಅದೇ ಬ್ಯಾಕ್ಟೀರಿಯಾ. ಅದನ್ನು ಮೂತ್ರಕೋಶದೊಳಗೆ ವಾರಕ್ಕೊಮ್ಮೆಯಂತೆ ಆರು ವಾರ ಬಿಡುವುದನ್ನು 1976ರಲ್ಲಿ ಕೆನಡಾದ ಅಲ್ವಾರೊ ಮೊರಾಲೆಸ್ ಪ್ರಕಟಿಸಿದರು. ಇಮ್ಯುನೋಥೆರಪಿ ಎಂಬ ಪದ ಟೀವಿಗೆ ಬರುವ ಎಷ್ಟೋ ಮುಂಚೆ ಈ ಕಾಯಿಲೆಗೆ ಅದು ಬಂದಾಗಿತ್ತು.

ಆದರೂ ಪಿಡಿ-ಎಲ್1 ಕಥೆ ಹೇಳಿಬಿಡುತ್ತೇನೆ, ಮುಂದುವರಿದ ಕಾಯಿಲೆಯವರ ಮನೆಯವರೂ ಇಲ್ಲಿ ಓದುತ್ತಿರುತ್ತಾರೆ. ಹರಡಿದ ಕಾಯಿಲೆಯಲ್ಲಿ ಎರಡು ದೊಡ್ಡ ಟ್ರಯಲ್ ನಡೆದವು. ಅಟಿಜೊಲಿಜುಮಾಬ್ ಎಂಬ ಇಮ್ಯುನೋಥೆರಪಿ ಔಷಧಿಯ ಟ್ರಯಲ್‌ನಲ್ಲಿ ಗಡ್ಡೆಯೊಳಗಿನ ರೋಗನಿರೋಧಕ ಕೋಶಗಳ ಮೇಲೆ ಪಿಡಿ-ಎಲ್1 ಎಷ್ಟಿದೆ ಎಂದು ಒಂದು ಆಂಟಿಬಾಡಿಯಿಂದ ನೋಡಿದರು. ಜಾಸ್ತಿ ಇದ್ದವರಲ್ಲಿ ಔಷಧಿ ಪಡೆದವರ ಮಧ್ಯಾಂಕ ಬದುಕು (ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದ ಕಾಲ) 11.1 ತಿಂಗಳು, ಬರೀ ಕಿಮೋ ಪಡೆದವರದು 10.6. ಎರಡೂ ಚೆನ್ನಾಗಿಯೇ ಇದ್ದವು, ಎಲ್ಲ ರೋಗಿಗಳನ್ನು ಸೇರಿಸಿದರೆ ಕಿಮೋ ಗುಂಪಿನದು 8.0 ಮಾತ್ರ. ಅಂದರೆ ಅಲ್ಲಿ ಪಿಡಿ-ಎಲ್1 ಜಾಸ್ತಿ ಇರುವುದು ಯಾವ ಚಿಕಿತ್ಸೆಗಾದರೂ ಒಳ್ಳೆಯ ಲಕ್ಷಣವಾಗಿ ಕಂಡಿತು. ಅದೇ ಬಗೆಯ ಔಷಧಿ ಪೆಂಬ್ರೊಲಿಜುಮಾಬ್ ಟ್ರಯಲ್‌ನಲ್ಲಿ ಬೇರೆ ಆಂಟಿಬಾಡಿ, ಕ್ಯಾನ್ಸರ್ ಕೋಶ ಮತ್ತು ನಿರೋಧಕ ಕೋಶ ಎರಡನ್ನೂ ಕೂಡಿಸುವ ಬೇರೆ ಲೆಕ್ಕ. ಅಲ್ಲಿ ಎಲ್ಲರನ್ನೂ ಸೇರಿಸಿದರೆ ಔಷಧಿ ಪಡೆದವರಿಗೆ 10.3, ಕಿಮೋ ಪಡೆದವರಿಗೆ 7.4 ತಿಂಗಳು, ಪಿಡಿ-ಎಲ್1 ಜಾಸ್ತಿ ಇದ್ದವರಲ್ಲಿ 8.0 ಮತ್ತು 5.2. ಇಲ್ಲಿ ಅದೇ ಪ್ರೊಟೀನ್ ಕೆಟ್ಟ ಲಕ್ಷಣ!

ಒಂದೇ ಕಾಯಿಲೆ, ಒಂದೇ ಪ್ರೊಟೀನ್, ಎರಡು ಟೆಸ್ಟ್, ಎದುರುಬದುರು ದಿಕ್ಕು. ರೋಗ ಹೇಗೆ ಸಾಗುತ್ತದೆ ಎಂದು ಹೇಳುವ ಮಾರ್ಕರ್ ಬೇರೆ, ಯಾವ ಔಷಧಿ ಹಿಡಿಯುತ್ತದೆ ಎಂದು ಹೇಳುವ ಮಾರ್ಕರ್ ಬೇರೆ. ಇವೆರಡನ್ನೂ ಕಲಸಿಬಿಟ್ಟರೆ ಇಂಥ ಗೋಜಲು. ಪಿಡಿ-ಎಲ್1 ಎಲ್ಲೂ ಲೆಕ್ಕಕ್ಕೇ ಬಂದಿಲ್ಲ ಎಂದಲ್ಲ. ಸಿಸ್ಪ್ಲಾಟಿನ್ ಎಂಬ ಕಿಮೋ ಔಷಧಿ ತಾಳದವರಿಗೆ ಇಮ್ಯುನೋಥೆರಪಿ ಒಂದನ್ನೇ ಕೊಟ್ಟಾಗ, ಪಿಡಿ-ಎಲ್1 ಕಡಿಮೆ ಇದ್ದವರು ಕಿಮೋ ಪಡೆದವರಿಗಿಂತ ಬೇಗ ತೀರಿಕೊಳ್ಳುತ್ತಿದ್ದಾರೆ ಎಂದು ಕಂಡು 2018ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಯಮ ಬಿಗಿಗೊಳಿಸಿತು.

ಈಗ ಹರಡಿದ ಕಾಯಿಲೆಯಲ್ಲಿ ದಿಕ್ಕು ಬದಲಿಸಿದ್ದು ನೆಕ್ಟಿನ್-4 ಎಂಬ ಪ್ರೊಟೀನ್. ಅದನ್ನು ಹುಡುಕಿಕೊಂಡು ಹೋಗಿ ಕಿಮೋ ಇಳಿಸುವ ಎನ್‌ಫೊರ್ಟುಮಾಬ್ ವೆಡೋಟಿನ್ ಅನ್ನು ಪೆಂಬ್ರೊಲಿಜುಮಾಬ್ ಜೊತೆ ಕೊಟ್ಟಾಗ ಮಧ್ಯಾಂಕ ಬದುಕು 31.5 ತಿಂಗಳು, ಹಳೆಯ ಕಿಮೋದಲ್ಲಿ 16.1. 2024ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಇಷ್ಟಾಗಿ ಈ ಔಷಧಿ ಕೊಡುವ ಮುಂಚೆ ನೆಕ್ಟಿನ್-4 ಟೆಸ್ಟ್ ಬೇಕಿಲ್ಲ, ಹೆಚ್ಚಿದ್ದವರಿಗೂ ಕಡಿಮೆ ಇದ್ದವರಿಗೂ ಲಾಭ ಸಿಕ್ಕಿದೆ. ಚರ್ಮದಲ್ಲೂ ನೆಕ್ಟಿನ್-4 ಇರುವುದರಿಂದ ಮೈಮೇಲೆ ದದ್ದು ಏಳುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ, ಸಕ್ಕರೆ ಏರಬಹುದು. ಸಕ್ಕರೆ ಕಾಯಿಲೆ ಮೊದಲೇ ಇದ್ದವರು ಡಾಕ್ಟರಿಗೆ ಮರೆಯದೆ ಹೇಳಿ. ಇನ್ನು ಹರ್2 ಎಂಬ ಪ್ರೊಟೀನ್‌ನ ಸ್ಟೇನ್ (ಬಣ್ಣ ಹಾಕಿ ನೋಡುವ ಪರೀಕ್ಷೆ) 3 ಪ್ಲಸ್, ಅಂದರೆ ಅತಿ ಗಾಢವಾಗಿ ಬಂದವರಿಗೆ, ಬೇರೆ ಚಿಕಿತ್ಸೆ ಮುಗಿದಿದ್ದರೆ, ಟ್ರಾಸ್ಟುಜುಮಾಬ್ ಡೆರಕ್ಸ್‌ಟೆಕನ್ ಎಂಬ ದಾರಿ 2024ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ತೆರೆಯಿತು. ಆ ಸ್ಟೇನ್‌ಗೆ ಖರ್ಚು ಮಾಡಿದರೆ ಅರ್ಥವಿದೆ.

ಸ್ಲೈಡ್‌ಮೇಜು

ಧಾರವಾಡದ ಮೇಡಂ, ನಿಮ್ಮ ಅಣ್ಣನವರ ವಿಷಯ ನನ್ನ ತಲೆಯಲ್ಲೇ ಉಳಿದಿದೆ. ಮೂತ್ರನಾಳದ ಕ್ಯಾನ್ಸರ್ ಅಂದಿರಿ. ವಯಸ್ಸು ಎಷ್ಟು? ಮನೆತನದಲ್ಲಿ ದೊಡ್ಡಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಯಾರಿಗಾದರೂ ಇತ್ತಾ?

ಧಾರವಾಡದಾಕಿ

52 ರೀ. ನಮ್ಮ ಅವ್ವಾಗ ಗರ್ಭಕೋಶದ ಕ್ಯಾನ್ಸರ್ ಆಗಿತ್ತು. ಸೋದರಮಾವಗ ಕರುಳಿನದು. ಯಾಕ್ರಿ ಸರ್?

ಸ್ಲೈಡ್‌ಮೇಜು

ಹಾಗಿದ್ದರೆ ನೀವು ಕೇಳಿ ಮಾಡಿಸಲೇಬೇಕಾದ ಪ್ರೊಟೀನ್ ಟೆಸ್ಟ್ ಒಂದಿದೆ. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕು ಸ್ಟೇನ್. ಡಿಎನ್‌ಎ ನಕಲಾಗುವಾಗ ಆಗುವ ತಪ್ಪುಗಳನ್ನು ತಿದ್ದುವ ಪ್ರೊಟೀನ್‌ಗಳು ಇವು. ಗಡ್ಡೆಯಲ್ಲಿ ಇವುಗಳಲ್ಲಿ ಯಾವುದಾದರೂ ಪೂರ್ತಿ ಮಾಯವಾಗಿದ್ದರೆ, ಲಿಂಚ್ ಸಿಂಡ್ರೋಮ್ ಎಂಬ ವಂಶವಾಹಿ ತೊಂದರೆ ಇರಬಹುದು ಎಂದು ಅನುಮಾನಿಸುತ್ತೇವೆ. ರಕ್ತದ ಜೀನ್ ಟೆಸ್ಟ್ ಅದನ್ನು ಖಚಿತ ಮಾಡುತ್ತದೆ. ಕಿಡ್ನಿಯ ಕುಹರ ಮತ್ತು ಮೂತ್ರನಾಳದ ಕ್ಯಾನ್ಸರ್ ಈ ಸಿಂಡ್ರೋಮ್‌ನ ಪರಿಚಿತ ಭಾಗ. 60ರ ಒಳಗಿನವರಿಗೆ ಬಂದರೆ, ಅಥವಾ ಮನೆತನದಲ್ಲಿ ನೀವು ಹೇಳಿದಂಥ ಇತಿಹಾಸ ಇದ್ದರೆ, ಕೇಳದೆ ಬಿಡಬಾರದು.

ಇದರಲ್ಲಿ ಎರಡು ಪ್ರಯೋಜನ. ಈ ಪ್ರೊಟೀನ್ ಮಾಯವಾದ ಗಡ್ಡೆಗಳಿಗೆ ಇಮ್ಯುನೋಥೆರಪಿ ಚೆನ್ನಾಗಿ ಹಿಡಿಯುತ್ತದೆ. ಯಾವ ಅಂಗದ್ದೇ ಇರಲಿ, ಮುಂದುವರಿದ ಕಾಯಿಲೆಯಲ್ಲಿ ಈ ಗುರುತೊಂದನ್ನೇ ನೋಡಿ ಔಷಧಿ ಕೊಡಲು 2017ರಲ್ಲೇ ಎಫ್‌ಡಿಎ ಒಪ್ಪಿತ್ತು. ಇನ್ನೊಂದು ನಿಮಗೆ ಸಂಬಂಧಿಸಿದ್ದು. ಅಣ್ಣನವರಿಗೆ ಲಿಂಚ್ ಇದ್ದರೆ ನಿಮಗೂ, ನಿಮ್ಮ ಒಡಹುಟ್ಟಿದವರಿಗೂ, ಅಣ್ಣನವರ ಒಬ್ಬೊಬ್ಬ ಮಗುವಿಗೂ ಅದು ಇರುವ ಸಾಧ್ಯತೆ ಅರ್ಧಕ್ಕರ್ಧ. ಗೊತ್ತಾದರೆ ಕಾಲಕಾಲಕ್ಕೆ ಕೊಲೊನೋಸ್ಕೋಪಿ ಮಾಡಿಸಿ, ಕರುಳಿನ ಕ್ಯಾನ್ಸರನ್ನು ಬರುವ ಮುಂಚೆಯೇ ತಡೆಯಬಹುದು. ಬದುಕು ಉಳಿಸುವ ಪ್ರೊಟೀನ್ ಪರೀಕ್ಷೆ ಅಂದರೆ ನನ್ನ ಪ್ರಕಾರ ಇದು.

ಧಾರವಾಡದಾಕಿ

ಇಷ್ಟು ದಿವಸದಾಗ ಯಾರೂ ಮನೆತನದ ವಿಷಯ ಕೇಳಿದ್ದಿಲ್ರಿ ಸರ್. ನಾಳೆನ ಅಣ್ಣನ ಡಾಕ್ಟರ್ ಹತ್ರ ಹೋಗ್ತೀನಿ. ನನಗೂ ಇಬ್ಬರು ಹೆಣ್ಣುಮಕ್ಕಳು ಅದಾರ್ರಿ.

ವಾರ್ಡ್‌ಅಕ್ಕ_ಹಾಸನ

ನಾನು ಯೂರಾಲಜಿ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಎಲ್ಲರೂ ದೊಡ್ಡ ದೊಡ್ಡ ಪ್ರೊಟೀನ್ ಬಗ್ಗೆ ಹೇಳಿದಿರಿ, ಸಣ್ಣ ಲ್ಯಾಬಿನಲ್ಲೂ ಸಿಗುವ ಎರಡನ್ನು ಬಿಟ್ಟುಬಿಟ್ಟಿರಿ: ರಕ್ತದ ಮುಖ್ಯ ಪ್ರೊಟೀನ್ ಆಲ್ಬುಮಿನ್, ಮತ್ತು ಉರಿಯೂತ ಇದ್ದಾಗ ಏರುವ ಸಿಆರ್‌ಪಿ. ಸಿಆರ್‌ಪಿ ಲೀಟರಿಗೆ 10 ಮಿ.ಗ್ರಾಂ. ದಾಟಿದರೆ ಒಂದು ಅಂಕ, ಜೊತೆಗೆ ಆಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಂಗಿಂತ ಇಳಿದಿದ್ದರೆ ಎರಡು. ಮಾರ್ಪಡಿಸಿದ ಗ್ಲಾಸ್ಗೋ ಪ್ರೊಗ್ನಾಸ್ಟಿಕ್ ಸ್ಕೋರ್ ಅಂತಾರೆ. ಮೂತ್ರಕೋಶದ ಕ್ಯಾನ್ಸರ್ ಸೇರಿ ಹಲವು ಕ್ಯಾನ್ಸರ್‌ಗಳಲ್ಲಿ ಈ ಅಂಕ ಏರಿದವರಿಗೆ ಬದುಕು ಕಡಿಮೆ ಎಂದು ಮತ್ತೆ ಮತ್ತೆ ಕಂಡಿದೆ. ಮೂತ್ರಕೋಶ ತೆಗೆಯುವ ದೊಡ್ಡ ಆಪರೇಷನ್‌ಗೆ ಆಲ್ಬುಮಿನ್ ಇಳಿದವರು ಬಂದರೆ ನಮಗೇ ಎದೆ ಢವಢವ, ಗಾಯ ಕೂಡುವುದು ತಡ, ತೊಂದರೆ ಜಾಸ್ತಿ.

ಸ್ಲೈಡ್‌ಮೇಜು

ಸರಿಯಾಗಿ ಹೇಳಿದಿರಿ ಸಿಸ್ಟರ್. ಒಂದೇ ಎಚ್ಚರಿಕೆ: ಕೆರೆದು ತೆಗೆದ ಮೇಲೆ ಕ್ಯಾತಿಟರ್ ಇದ್ದು ಸೋಂಕಾದರೂ ಸಿಆರ್‌ಪಿ ಏರುತ್ತದೆ, ಅದನ್ನು ಕ್ಯಾನ್ಸರಿನ ಲೆಕ್ಕಕ್ಕೆ ಹಾಕಬಾರದು. ಆಲ್ಬುಮಿನ್ ಇಳಿಯುವುದೂ ಬರೀ ಊಟ ಕಡಿಮೆಯಾಗಿ ಅಲ್ಲ, ಮೈಯೊಳಗಿನ ಉರಿಯೂತದಿಂದ. ಹಾಗಾಗಿ ಡಬ್ಬಿ ಪುಡಿ ಕುಡಿಸಿದ ಮಾತ್ರಕ್ಕೆ ಏರುವುದಿಲ್ಲ. ಮೊಟ್ಟೆ, ಬೇಳೆ, ಮೊಸರು ಊಟದಲ್ಲಿರಲಿ, ಅದು ಬಲಕ್ಕೆ.

ತುಂಗಾತೀರ

ಮಾವ ಬೀಡಿ ಸೇದುತ್ತಿದ್ದರು, ಈಗಲೂ ಹಿತ್ತಲಲ್ಲಿ ಕದ್ದು ಸೇದುತ್ತಾರೆ ಅಂತ ಅತ್ತೆ ಹೇಳುತ್ತಾರೆ. ಇನ್ನು ಬಿಟ್ಟು ಏನು ಪ್ರಯೋಜನ ಅನ್ನುತ್ತಾರಂತೆ.

ಕಿಮೋವಾರ್ಡ್

ಪ್ರಯೋಜನ ಇದೆ, ನನ್ನ ಹೆಸರು ಹೇಳಿಯೇ ಹೇಳಿ. ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧಕ್ಕೆ ಹೊಗೆಯೇ ಕಾರಣ. ಅದರ ವಿಷ ರಕ್ತದಿಂದ ಕಿಡ್ನಿಗೆ ಬಂದು, ಮೂತ್ರದಲ್ಲಿ ಸೇರಿ, ಗಂಟೆಗಟ್ಟಲೆ ಅದೇ ಒಳಪದರದ ಮೇಲೆ ನಿಂತಿರುತ್ತದೆ. ಕೆರೆದು ತೆಗೆದ ಮೇಲೂ ಸೇದುತ್ತಿದ್ದರೆ ಕಾಯಿಲೆ ಮರಳುವ ಅಪಾಯ ಹೆಚ್ಚು. ಶೇ 80 ಪಿ53ಯನ್ನು ಯಾರೂ ಬದಲಿಸಲಾರರು, ಇದನ್ನು ಅವರೇ ಬದಲಿಸಬಹುದು.

ಸ್ಲೈಡ್‌ಮೇಜು

ತುಂಗಾತೀರ ಅವರೇ, ದೊಡ್ಡ ಪ್ಯಾನೆಲ್ ಈಗ ಬೇಡ, ಆ ದುಡ್ಡು ಬಿಸಿಜಿಗೂ ಓಡಾಟಕ್ಕೂ ಇಟ್ಟುಕೊಳ್ಳಿ. ಹೈ ಗ್ರೇಡ್ ಟಿ1 ಎಂದಿರುವುದರಿಂದ ಎರಡರಿಂದ ಆರು ವಾರದೊಳಗೆ ಅದೇ ಜಾಗವನ್ನು ಇನ್ನೊಮ್ಮೆ ಕೆರೆದು ನೋಡುವುದು ವಾಡಿಕೆ, ಮೊದಲ ಸಲ ಉಳಿದದ್ದು ಎಷ್ಟೋ ಜನರಲ್ಲಿ ಸಿಗುತ್ತದೆ. ಅದು ಯಾವಾಗ ಎಂದು ಯೂರಾಲಜಿಸ್ಟ್ ಹತ್ತಿರ ಕೇಳಿ. ಸಿಐಎಸ್ ಇದೆಯೇ ಇಲ್ಲವೇ ಎಂದು ರಿಪೋರ್ಟಿನಲ್ಲಿ ನೀವು ಬರೆದಿಲ್ಲ, ಅದನ್ನೂ ಕೇಳಿ. ಸೆಕೆಂಡ್ ಒಪೀನಿಯನ್ ಬೇಕಿದ್ದರೆ ರಿಪೋರ್ಟಿನ ಜೆರಾಕ್ಸ್ ಸಾಲದು. ಲ್ಯಾಬಿನಲ್ಲಿ ಅರ್ಜಿ ಕೊಟ್ಟು ಸ್ಲೈಡ್‌ಗಳನ್ನೂ ಮೇಣದ ಬ್ಲಾಕನ್ನೂ ತೆಗೆದುಕೊಳ್ಳಿ. ಬ್ಲಾಕ್ ಬೆರಳಿನ ಉಗುರಿನಷ್ಟು ತುಣುಕು ಇರುವ ಪ್ಲಾಸ್ಟಿಕ್ ಚೌಕ, ಮೇಲೆ ನಂಬರ್ ಬರೆದಿರುತ್ತದೆ, ಅದು ರಿಪೋರ್ಟಿನ ನಂಬರಿಗೆ ಸರಿಹೋಗುತ್ತದಾ ನೋಡಿಕೊಳ್ಳಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತದೆ. ಮುಂದೆ ಎಂದಾದರೂ ಹರ್2 ಸ್ಟೇನ್ ಬೇಕಾದರೆ ಅದೇ ಬ್ಲಾಕಿನಿಂದ ಮಾಡಬಹುದು.

ಧಾರವಾಡದಾಕಿ

ಸರ್, ಅಣ್ಣನ ಬ್ಲಾಕ್ ಆಸ್ಪತ್ರ್ಯಾಗ ಐತಂತ, ಫೋನ್ ಮಾಡಿ ಕೇಳಿದೆ. ಆ ನಾಲ್ಕು ಸ್ಟೇನ್ ಹೆಸರು ಇನ್ನೊಮ್ಮೆ ಬಿಡಿಸಿ ಬರೀರಿ, ಚೀಟಿ ಮ್ಯಾಲೆ ಬರ್ಕೊಂಡು ಹೋಗ್ತೀನಿ.

ಸ್ಲೈಡ್‌ಮೇಜು

ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. "ಎಂಎಂಆರ್ ಐಎಚ್‌ಸಿ" ಅಂದರೆ ಸಾಕು, ಅವರಿಗೆ ಗೊತ್ತಾಗುತ್ತದೆ. ಅವ್ವನ ಮತ್ತು ಸೋದರಮಾವನ ಕಾಯಿಲೆ, ಅದು ಬಂದಾಗ ಅವರ ವಯಸ್ಸು, ಇವನ್ನೂ ಅದೇ ಚೀಟಿಯಲ್ಲಿ ಬರೆಯಿರಿ.